ಮೇಲ್‌ನಿಂದ ವಿಳಾಸ, ವಿಳಾಸದಿಂದ ಅಲಿಯಾಸ್: ಪುಣೆ ಸಿ-ಡ್ಯಾಕ್ ಅಭ್ಯರ್ಥಿಗಳಿಗೆ ಮುಖ್ಯಾಂಶಗಳು

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿ ಪುಣೆಯ ಸಿ-ಡ್ಯಾಕ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮಾಡಲು ಹೊರಡುವ ನಮ್ಮ ಹುಡುಗ ಹುಡುಗಿಯರಿಗಾಗಿ ಈ ಟಿಪ್ಪಣಿ. ಲಿನಕ್ಸ್ ಆಡಳಿತ, ಮೇಲ್ ಸರ್ವರ್, ಸೈಬರ್ ಭದ್ರತೆ ಓದುವವರಿಗೆ ಹೆಚ್ಚು ಉಪಯೋಗವಾದೀತು. ಬಂದ ಮೇಲ್‌ಗಳಿಂದ ವಿಳಾಸ ಹೆಕ್ಕಿ ಅಲಿಯಾಸ್ (ವಿಳಾಸದ ಬದಲು ಬಳಸುವ ಚಿಕ್ಕ ಹೆಸರು) ಪಟ್ಟಿ ಮಾಡುವುದು ಲ್ಯಾಬ್‌ನ ಚಿಕ್ಕ ಕೆಲಸದಂತೆ ಕಾಣುತ್ತದೆ. ಆದರೆ ಮೇಲ್‌ನ ರಚನೆ, ಯೂನಿಕೋಡ್, ಭದ್ರತೆ, ಕಾನೂನು ನಾಲ್ಕೂ ಇದೊಂದರಲ್ಲೇ ಸೇರಿವೆ. ಓದುವಾಗ ಒಂದು ಮಾತು ಗಟ್ಟಿಯಾಗಿ ನೆನಪಿರಲಿ: @ ಚಿಹ್ನೆ ಕಂಡಿತೆಂದು ಅದು ವಿಳಾಸವಾಗುವುದಿಲ್ಲ, ಅದು ಯಾವ ಜಾಗದಲ್ಲಿದೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ಹಿನ್ನೆಲೆ

1971: ರೇ ಟಾಮ್ಲಿನ್‌ಸನ್ @ ಬಳಸಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದರು. 1982: ಮೇಲ್ ಸಾಗಣೆಯ ನಿಯಮ ಆರ್‌ಎಫ್‌ಸಿ 821, ಮೇಲ್‌ನ ರೂಪದ ನಿಯಮ ಆರ್‌ಎಫ್‌ಸಿ 822. ಈಗ ಇವುಗಳ ಜಾಗದಲ್ಲಿ 2008ರ 5321 ಮತ್ತು 5322 ಇವೆ.

ಭಾರತದಲ್ಲಿ 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಜಾಲವಾದ ಅರ್ನೆಟ್ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ ಹಾಗೂ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಅದರ ಮೊದಲ ಪಾಲುದಾರರು. ಸಿ-ಡ್ಯಾಕ್ ಸ್ಥಾಪನೆ 1988, ಮುಖ್ಯ ಕಚೇರಿ ಪುಣೆ, ಅದರ ಸೂಪರ್‌ಕಂಪ್ಯೂಟರ್ ಪರಮ್ 8000 ಬಂದದ್ದು 1991ರಲ್ಲಿ. ಎನ್‌ಸಿಎಸ್‌ಟಿ ಮುಂದೆ ಸಿ-ಡ್ಯಾಕ್‌ನಲ್ಲೇ ವಿಲೀನವಾಯಿತು. ಅರ್ನೆಟ್ ಮತ್ತು ಸಿ-ಡ್ಯಾಕ್ ಇಸವಿಗಳನ್ನು ಅದಲು ಬದಲು ಮಾಡಿ ಬರೆಯುವುದು ಸುಲಭ, ಎಚ್ಚರವಿರಲಿ.

ವಿಳಾಸದ ಅಂಗಗಳು

@ ಚಿಹ್ನೆಯ ಎಡಗಡೆಯದು ಸ್ಥಳೀಯ ಭಾಗ, ಬಲಗಡೆಯದು ಡೊಮೈನ್. ಸ್ಥಳೀಯ ಭಾಗದ ಮಿತಿ 64 ಬೈಟ್, ಡೊಮೈನ್‌ನದು 255. ಆದರೆ ವಿಳಾಸವನ್ನು ಸುತ್ತುವ ಕೋನಾವರಣ ಸೇರಿದ ಮಾರ್ಗಕ್ಕೆ 256 ಬೈಟ್ ಎಂಬ ಮಿತಿ ಇರುವುದರಿಂದ ಇಡೀ ವಿಳಾಸ 254 ಮೀರುವಂತಿಲ್ಲ. 64, 255 ಮತ್ತು ಎರಡರ ನಡುವಿನ @ ಕೂಡಿಸಿ 320 ಎನ್ನುವ ಉತ್ತರ ತಪ್ಪು.

ಡೊಮೈನ್‌ನಲ್ಲಿ ಇಂಗ್ಲಿಷಿನ ದೊಡ್ಡ–ಚಿಕ್ಕ ಅಕ್ಷರ ಭೇದವಿಲ್ಲ. ಸ್ಥಳೀಯ ಭಾಗದಲ್ಲಿ ನಿಯಮದ ಪ್ರಕಾರ ಭೇದ ಇರಬಹುದು, ವ್ಯವಹಾರದಲ್ಲಿ ಬಹುತೇಕ ಸರ್ವರ್‌ಗಳು ಅದನ್ನು ಲೆಕ್ಕಕ್ಕಿಡುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಎರಡೆರಡು ಸಲ ಬಂದ ವಿಳಾಸ ತೆಗೆಯುವಾಗ ಡೊಮೈನ್ ಭಾಗವನ್ನು ಮಾತ್ರ ಚಿಕ್ಕಕ್ಷರಕ್ಕೆ ಇಳಿಸುವುದು ಸುರಕ್ಷಿತ. ಜಿಮೇಲ್ ಸ್ಥಳೀಯ ಭಾಗದ ಚುಕ್ಕಿಗಳನ್ನು ಗಣಿಸುವುದಿಲ್ಲ. ಅದು ಜಿಮೇಲ್‌ನ ಪದ್ಧತಿ, ಎಲ್ಲ ಸರ್ವರ್‌ಗಳ ನಿಯಮವಲ್ಲ.

ಎಲ್ಲಿಂದ ಹೆಕ್ಕಬೇಕು

ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಹೆಡರ್ ಮುಗಿದು ಒಡಲು ಶುರುವಾಗುವುದು ಮೊದಲ ಖಾಲಿ ಸಾಲಿನ ನಂತರ. ಹೆಕ್ಕುವ ಕೆಲಸ ಆ ಖಾಲಿ ಸಾಲಿಗೆ ಮೊದಲೇ ಮುಗಿಯಬೇಕು. ಒಡಲಿನಲ್ಲಿ ಯಾರೋ ಬರೆದ, ಯಾರದೋ ಹಳೆಯ ಮೇಲ್‌ನಿಂದ ಉದ್ಧರಿಸಿದ ವಿಳಾಸಗಳಿರುತ್ತವೆ. ಅವುಗಳಿಗೂ ಕಳಿಸಿದವರಿಗೂ ಸಂಬಂಧವಿರಬೇಕೆಂದಿಲ್ಲ.

ಹೆಕ್ಕಬಹುದಾದವು: ಫ್ರಮ್, ಸೆಂಡರ್, ರಿಪ್ಲೈ-ಟು, ಟು, ಸಿಸಿ. ಫ್ರಮ್‌ನಲ್ಲಿ ಒಂದಕ್ಕಿಂತ ಹೆಚ್ಚು ವಿಳಾಸವಿದ್ದರೆ ಸೆಂಡರ್ ಹೆಡರ್ ಕಡ್ಡಾಯ.

ಮುಟ್ಟಬಾರದವು: ಮೆಸೇಜ್-ಐಡಿ, ಇನ್-ರಿಪ್ಲೈ-ಟು, ರೆಫರೆನ್ಸಸ್. ಇವುಗಳಲ್ಲೂ ಕೋನಾವರಣವಿದೆ, @ ಇದೆ, ಬಲಗಡೆ ಡೊಮೈನ್ ಕೂಡ ಇರುತ್ತದೆ. ಆದರೆ ಅದು ಪತ್ರದ ಗುರುತು, ಅಲ್ಲಿಗೆ ಮೇಲ್ ಕಳಿಸಿದರೆ ಯಾರಿಗೂ ತಲುಪುವುದಿಲ್ಲ. @ ಕಂಡದ್ದನ್ನೆಲ್ಲ ಬಾಚುವ ಸ್ಕ್ರಿಪ್ಟ್ ಮೊದಲು ಎಡವುವುದೇ ಇಲ್ಲಿ.

ರಿಟರ್ನ್-ಪಾತ್ ಬೇರೆಯದೇ ಸಂಗತಿ. ತಲುಪದ ಮೇಲ್ ಮರಳಬೇಕಾದ ವಿಳಾಸ ಅದು. ಅಂತಿಮ ಸರ್ವರ್ ಅದನ್ನು ಸೇರಿಸುತ್ತದೆ. ಸಾಮೂಹಿಕ ಮೇಲ್‌ಗಳಲ್ಲಿ ಅದು ಬರಿಯ ಯಂತ್ರದ ವಿಳಾಸ, ಅಲಿಯಾಸ್‌ಗೆ ಬೇಡ.

ಹಲವು ಮೇಲ್ ಒಟ್ಟಿಗಿಡುವ ಎಂಬಾಕ್ಸ್ ಕಡತದಲ್ಲಿ ಪ್ರತಿ ಮೇಲ್ ಶುರುವಾಗುವುದು ‘ಫ್ರಮ್’ ಪದ ಮತ್ತು ಒಂದು ಖಾಲಿ ಜಾಗದಿಂದ. ಹೆಡರ್‌ನ ಫ್ರಮ್‌ಗೆ ಮಾತ್ರ ಕೊಲನ್ ಇರುತ್ತದೆ. ಕೊಲನ್ ಇಲ್ಲದ್ದು ಕಡತದ ಗಡಿಗಲ್ಲು ಅಷ್ಟೇ.

ಒಂದು ಸಾಲು, ಬಿಡಿಸಿ ನೋಡಿ

ಟು: "ಗ್ರಂಥಾಲಯ, ಪಾಷಾಣ ವಿಭಾಗ" <ಗ್ರಂಥಾಲಯ@ಉದಾಹರಣೆ.ಭಾರತ>, ಲ್ಯಾಬ್@ಉದಾಹರಣೆ.ಭಾರತ

ಇಲ್ಲಿರುವ ವಿಳಾಸ ಎರಡೇ. ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿದರೆ ಮೂರು ತುಂಡಾಗುತ್ತದೆ, ಮೊದಲ ತುಂಡಿನಲ್ಲಿ ವಿಳಾಸವೇ ಇರುವುದಿಲ್ಲ. ಉದ್ಧರಣ ಚಿಹ್ನೆಯ ಒಳಗಿನ ಅಲ್ಪವಿರಾಮ ಹೆಸರಿಗೆ ಸೇರಿದ್ದು.

ಉದ್ದದ ಹೆಡರ್ ಮುಂದಿನ ಸಾಲಿಗೆ ಮಡಚಿಕೊಂಡಿರುತ್ತದೆ. ಖಾಲಿ ಜಾಗ ಅಥವಾ ಟ್ಯಾಬ್‌ನಿಂದ ಶುರುವಾದ ಸಾಲು ಹಿಂದಿನ ಸಾಲಿನ ಮುಂದುವರಿಕೆ. ಮೊದಲು ಮಡಿಕೆ ಬಿಡಿಸಿ, ಆಮೇಲೆ ವಿಳಾಸಗಳನ್ನು ಬೇರ್ಪಡಿಸಿ, ಕೊನೆಗೆ ಹೆಸರಿನ ಸಂಕೇತ ಬಿಡಿಸಿ. ಈ ಕ್ರಮ ತಪ್ಪಬಾರದು. ಹೆಸರನ್ನು ಮೊದಲೇ ಬಿಡಿಸಿದರೆ ಅದರೊಳಗೆ ಅಡಗಿದ್ದ ಅಲ್ಪವಿರಾಮ ಹೊರಬಿದ್ದು ಸಾಲು ಮತ್ತೆ ಒಡೆಯುತ್ತದೆ.

ಕನ್ನಡದಂಥ ಲಿಪಿಯ ಹೆಸರು ಹೆಡರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬರುತ್ತದೆ. ಅದನ್ನು ಬಿಡಿಸುವುದೆಂದರೆ 1996ರ ಆರ್‌ಎಫ್‌ಸಿ 2047 ಹೇಳುವ ವಿಧಾನ. ‘ಪುಣೆ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದಕ್ಕೆ 4 ಸಂಕೇತಗಳು (ಪ, ಉಕಾರ, ಣ, ಎಕಾರ), ಯುಟಿಎಫ್-8ರಲ್ಲಿ 12 ಬೈಟ್, ಬೇಸ್64 ರೂಪಕ್ಕೆ ಹೋದಾಗ 16 ಅಕ್ಷರ. ಒಂದು ಸಂಕೇತಪದ 75 ಅಕ್ಷರ ಮೀರುವಂತಿಲ್ಲ. ಹಾಗಾಗಿ ಉದ್ದದ ಕನ್ನಡ ಹೆಸರು ಎರಡು ಮೂರು ತುಂಡಾಗಿ ಬರುತ್ತದೆ, ಜೋಡಿಸುವಾಗ ನಡುವಿನ ಖಾಲಿ ಜಾಗ ತೆಗೆದುಹಾಕಬೇಕು.

ಇದನ್ನೆಲ್ಲ ರೆಜೆಕ್ಸ್ ಬರೆದು ಸಾಧಿಸಲು ಹೋಗಬೇಡಿ, ಸಿದ್ಧ ಪ್ರೋಗ್ರಾಂ ಲೈಬ್ರರಿ ಬಳಸಿ ಎಂಬುದು ನನ್ನ ಸಲಹೆ. ಪೈಥಾನ್‌ನಲ್ಲಿ ಇದಕ್ಕೆ ಗೆಟ್‌ಅಡ್ರೆಸಸ್ ಇದೆ. 2023ರಲ್ಲಿ ಅದರಲ್ಲೂ ವಿಳಾಸವನ್ನು ತಪ್ಪಾಗಿ ಓದುವ ದೋಷ ಬಯಲಿಗೆ ಬಂತು. 3.13ನೇ ಆವೃತ್ತಿಯ ದಾಖಲೆಯಂತೆ ದೋಷಪೂರಿತ ಸಾಲನ್ನು ಅದು ತಾನಾಗಿಯೇ ತಿರಸ್ಕರಿಸುತ್ತದೆ.

ಅಲಿಯಾಸ್ ಬರೆಯುವ ಬಗೆ

ಎರಡು ಜಾತಿ ಬೇರೆ ಮಾಡಿಕೊಳ್ಳಿ. ಒಂದು, ಬಳಕೆದಾರರ ಸ್ವಂತ ಅಲಿಯಾಸ್. ಮೇಲ್ ಓದುವ ಪ್ರೋಗ್ರಾಂ ಮಟ್‌ನಲ್ಲಿ ಮೇಲ್ ಪಟ್ಟಿಯ ಮೇಲೆ ನಿಂತು ‘ಎ’ ಕೀಲಿ ಒತ್ತಿದರೆ ಕಳಿಸಿದವರ ವಿಳಾಸಕ್ಕೆ ಅಲಿಯಾಸ್ ಸಿದ್ಧ. ಅಂಥದ್ದೇ ಇನ್ನೊಂದು ಪ್ರೋಗ್ರಾಂ ಪೈನ್‌ನಲ್ಲಿ ಅದೇ ಕೆಲಸಕ್ಕೆ ‘ಟಿ’. ಇದು ಕಳಿಸುವವರ ಗಣಕದಲ್ಲೇ ಬಿಡಿಸಿಕೊಳ್ಳುತ್ತದೆ, ಸರ್ವರ್‌ಗೆ ಹೋಗುವುದು ಪೂರ್ಣ ವಿಳಾಸ.

ಇನ್ನೊಂದು, ಸರ್ವರ್‌ನ ಅಲಿಯಾಸ್ ಕಡತ. ಮೇಲ್ ಸರ್ವರ್ ಪ್ರೋಗ್ರಾಂಗಳಾದ ಸೆಂಡ್‌ಮೇಲ್ ಮತ್ತು ಪೋಸ್ಟ್‌ಫಿಕ್ಸ್ ಎರಡರಲ್ಲೂ ಇದೆ. ಕೊಲನ್‌ನ ಎಡಕ್ಕೆ ಸ್ಥಳೀಯ ಹೆಸರು, ಬಲಕ್ಕೆ ವಿಳಾಸ, ವಿಳಾಸಗಳ ಪಟ್ಟಿ, ಕಡತ, ಪ್ರೋಗ್ರಾಂ ಅಥವಾ ಇನ್‌ಕ್ಲೂಡ್ ಸೂಚನೆ. ತಿದ್ದಿದ ಮೇಲೆ ನ್ಯೂಅಲಿಯಾಸಸ್ ಆಜ್ಞೆ ಕೊಡಲೇಬೇಕು. ಬೇರೆ ಡೊಮೈನ್ ಸೇರಿದ ಪೂರ್ಣ ವಿಳಾಸಕ್ಕೆ ಪೋಸ್ಟ್‌ಫಿಕ್ಸ್‌ನಲ್ಲಿ ಬಳಸುವುದು ವರ್ಚುಯಲ್ ಅಲಿಯಾಸ್, ಅದರ ಕೋಷ್ಟಕವೇ ಬೇರೆ.

ಪೋಸ್ಟ್‌ಮಾಸ್ಟರ್ ವಿಳಾಸ ಪ್ರತಿ ಮೇಲ್ ಡೊಮೈನ್‌ಗೆ ಕಡ್ಡಾಯ. ಅಬ್ಯೂಸ್, ಹೋಸ್ಟ್‌ಮಾಸ್ಟರ್ ಮುಂತಾದ ಹುದ್ದೆಯ ಹೆಸರುಗಳು 1997ರ ಆರ್‌ಎಫ್‌ಸಿ 2142ರಲ್ಲಿವೆ. ಬಲಗಡೆ ಪ್ರೋಗ್ರಾಂ ಇಟ್ಟ ಅಲಿಯಾಸ್ ಅಪಾಯದ್ದು. ಹಳೆಯ ಯೂನಿಕ್ಸ್‌ನ ‘ಡೀಕೋಡ್’ ಅಲಿಯಾಸ್ ಮೂಲಕ ಹೊರಗಿನವರು ಸರ್ವರ್‌ನಲ್ಲಿ ಕಡತ ಬರೆಯಬಹುದಾಗಿತ್ತು.

ಕನ್ನಡ ವಿಳಾಸ

ಪುಣೆಯ ಪಾತ್ರ ಇಲ್ಲಿ ದೊಡ್ಡದು. ಭಾರತೀಯ ಭಾಷೆಗಳ ಡೊಮೈನ್ ಹೆಸರಿನ ನಿಯಮ ರೂಪಿಸುವಲ್ಲಿ ಸಿ-ಡ್ಯಾಕ್ ಪುಣೆಯ ಜಿಸ್ಟ್ ತಂಡ ದುಡಿದಿದೆ. ದೇವನಾಗರಿಯ ‘ಭಾರತ’ ಡೊಮೈನ್ 2014ರ ಆಗಸ್ಟ್ 27ರಂದು ಜಾರಿಗೆ ಬಂತು. ಮರಾಠಿ ಅದರಲ್ಲೇ ಬರುತ್ತದೆ. ಕನ್ನಡಕ್ಕೆ ನಮ್ಮದೇ ಲಿಪಿಯ .ಭಾರತ ಪ್ರತ್ಯೇಕವಾಗಿದೆ.

ಡೊಮೈನ್‌ಗೆ ಇಂಗ್ಲಿಷ್ ಅಕ್ಷರದ ಪರ್ಯಾಯ ರೂಪವಿದೆ, ಅದರ ಹೆಸರು ಪ್ಯೂನಿಕೋಡ್. ಸ್ಥಳೀಯ ಭಾಗಕ್ಕೆ ಅಂಥದ್ದಿಲ್ಲ. ಅದು ಯುಟಿಎಫ್-8 ಆಗಿಯೇ ಸಾಗಬೇಕು, ದಾರಿಯ ಪ್ರತಿ ಸರ್ವರ್ ಎಸ್‌ಎಮ್‌ಟಿಪಿ-ಯುಟಿಎಫ್8 ಬೆಂಬಲಿಸಬೇಕು. 2012ರ ಆರ್‌ಎಫ್‌ಸಿ 6531 ಇದರ ಆಧಾರ. ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಮಾತ್ರ ಒಪ್ಪುವ ಸ್ಕ್ರಿಪ್ಟ್ ಕನ್ನಡ ವಿಳಾಸವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಮ್ಮ ಊರಿನ ರೈತ ತನ್ನ ಭಾಷೆಯ ವಿಳಾಸದಿಂದ ಬರೆದ ಮೇಲ್ ಹೀಗೆ ಪಟ್ಟಿಯಿಂದ ಕಾಣೆಯಾಗುವುದನ್ನು ತಾಂತ್ರಿಕ ಮಿತಿ ಎಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ. ನೀವು ಬರೆಯುವ ಸ್ಕ್ರಿಪ್ಟ್ ಇದನ್ನು ಮಾಡಬಾರದು.

ಯೂನಿಕೋಡ್‌ನಲ್ಲಿ ಕನ್ನಡದ ಜಾಗ ದಶಮಾಂಶದಲ್ಲಿ 3200ರಿಂದ 3327. ‘ಕೋ’ ಬರೆಯಲು ಕ ಜೊತೆ ಒಂದೇ ಓಕಾರ ಚಿಹ್ನೆ ಇಡಬಹುದು, ಇಲ್ಲವೇ ಎಕಾರ, ಊಕಾರ, ದೀರ್ಘ ಚಿಹ್ನೆ ಮೂರನ್ನೂ ಸಾಲಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ವಿಳಾಸ. ಹೋಲಿಸುವ ಮೊದಲು ಎನ್‌ಎಫ್‌ಸಿ ಸಾಮಾನ್ಯೀಕರಣ ಮಾಡಿದರೆ ಎರಡೂ ಒಂದಾಗುತ್ತವೆ. ಇನ್ನೊಂದು ಬಲೆ ತೆಲುಗಿನದು: ಕನ್ನಡದ ‘ಗ’ 3223, ಅದೇ ಆಕಾರದ ತೆಲುಗಿನ ‘ಗ’ 3095. ಸಾಮಾನ್ಯೀಕರಣ ಇದನ್ನು ಸರಿಪಡಿಸದು. ಒಂದೇ ವಿಳಾಸದಲ್ಲಿ ಎರಡು ಲಿಪಿ ಬೆರೆತಿದ್ದರೆ ಪಟ್ಟಿಗೆ ಸೇರಿಸದೆ ಬದಿಗಿಡಿ.

ಭದ್ರತೆ

ಫ್ರಮ್ ಹೆಡರ್‌ನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಎಸ್‌ಪಿಎಫ್ (ಆರ್‌ಎಫ್‌ಸಿ 7208) ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ನೋಡುತ್ತದೆ, ಡಿಕೆಐಎಮ್ (6376) ಸಹಿ ನೋಡುತ್ತದೆ, ಡಿಮಾರ್ಕ್ (7489) ಇವೆರಡನ್ನೂ ಫ್ರಮ್‌ನ ಡೊಮೈನ್‌ಗೆ ತಾಳೆ ಹಾಕುತ್ತದೆ. ನಕಲಿ ವಿಳಾಸಕ್ಕೆ ‘ಲೆಕ್ಕಪತ್ರ ವಿಭಾಗ’ ಎಂಬ ಅಲಿಯಾಸ್ ಒಮ್ಮೆ ಅಂಟಿಕೊಂಡರೆ, ಆಮೇಲೆ ಆ ಹೆಸರು ಒತ್ತುವವರು ಹಿಂದಿನ ವಿಳಾಸ ನೋಡುವುದಿಲ್ಲ. ಆದ್ದರಿಂದ ಡಿಮಾರ್ಕ್ ಪಾಸಾಗದ ಮೇಲ್‌ನಿಂದ ತಾನಾಗಿಯೇ ಅಲಿಯಾಸ್ ಹುಟ್ಟಬಾರದು.

ವಿಳಾಸಪಟ್ಟಿಯೇ ಆಯುಧವಾದದ್ದಕ್ಕೆ ಉದಾಹರಣೆ 1999ರ ಮಾರ್ಚ್‌ನ ಮೆಲಿಸ್ಸಾ ವೈರಸ್. ಔಟ್‌ಲುಕ್ ಪಟ್ಟಿಯ ಮೊದಲ 50 ವಿಳಾಸಗಳಿಗೆ ಅದು ತನ್ನನ್ನು ಕಳಿಸಿಕೊಳ್ಳುತ್ತಿತ್ತು. 2000ದ ಮೇ ತಿಂಗಳ ‘ಐ ಲವ್ ಯು’ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಯಿತು.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಕಲಂ 43: ಅನುಮತಿಯಿಲ್ಲದೆ ಗಣಕದಿಂದ ದತ್ತಾಂಶ ನಕಲಿಸುವುದು, ಹೊರತೆಗೆಯುವುದು ಪರಿಹಾರ ಕೊಡಬೇಕಾದ ತಪ್ಪು. ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶ ಸೇರಿದರೆ ಕಲಂ 66: 3 ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023: ಒಬ್ಬ ವ್ಯಕ್ತಿ ತನ್ನ ಖಾಸಗಿ ಅಥವಾ ಮನೆ ಬಳಕೆಗೆ ಇಟ್ಟುಕೊಂಡ ದತ್ತಾಂಶಕ್ಕೆ ಕಲಂ 3ರಲ್ಲಿ ವಿನಾಯಿತಿ. ನಿಮ್ಮ ಮಟ್‌ನ ಅಲಿಯಾಸ್ ಅದರೊಳಗೆ ಬರುತ್ತದೆ. ಸಂಸ್ಥೆಯ ಪಟ್ಟಿ ಬರುವುದಿಲ್ಲ. ಪ್ರವೇಶ ವಿಚಾರಿಸಿ ಬರೆದವರ ವಿಳಾಸವನ್ನು ಜಾಹೀರಾತಿನ ಪಟ್ಟಿಗೆ ಸೇರಿಸಲು ಬೇರೆ ಸಮ್ಮತಿ ಬೇಕು. ನಿಯಮಗಳ ಅಧಿಸೂಚನೆ 2025ರ ನವೆಂಬರ್‌ನಲ್ಲಿ ಹೊರಬಿತ್ತು, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಅವಧಿ. ಗರಿಷ್ಠ ದಂಡ 250 ಕೋಟಿ ರೂಪಾಯಿ.

ಸಮ್ಮತಿ ಹಿಂತೆಗೆದುಕೊಂಡರೆ, ಬೇರೆ ಕಾನೂನು ಅದನ್ನು ಉಳಿಸಿಕೊಳ್ಳಲು ಹೇಳದ ಹೊರತು, ವಿಳಾಸ ಅಳಿಸಬೇಕು. ಅಲಿಯಾಸ್ ಕಡತದಲ್ಲಿ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲು ಟಿಪ್ಪಣಿ. ಪ್ರತಿ ನಮೂದಿನ ಮೇಲೆ ವಿಳಾಸ ಯಾವ ಮೇಲ್‌ನಿಂದ, ಯಾವ ದಿನ, ಯಾವ ಕೆಲಸಕ್ಕೆ ಬಂತು ಎಂದು ಅಲ್ಲಿ ಬರೆದಿಟ್ಟರೆ ಅಳಿಸುವ ದಿನ ಹುಡುಕಾಟ ಇರುವುದಿಲ್ಲ.