ಅವರೆ ಹೊಲದಲ್ಲಿ ಕಾಜಾಣಕ್ಕೆ ಕೂರುವ ಜಾಗ

2012ರ ಡಿಸೆಂಬರ್ ತಿಂಗಳು. ಬಂಗಾರಪೇಟೆ ಪಕ್ಕದ ನಮ್ಮ ಎರಡು ಎಕರೆ ಬೆದ್ದಲಲ್ಲಿ ಅವರೆ, ತೊಗರಿ ಚೆನ್ನಾಗಿ ಹೂ ಕಟ್ಟಿದ್ದವು. ಕಾಯಿಕೊರಕ ಹುಳ ಬಿತ್ತು. ಭಯಕ್ಕೆ ಔಷಧಿಯನ್ನು ಡಬ್ಬಿ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಬೆರೆಸಿ ಹೊಡೆದೆ. ತಪ್ಪು ನನ್ನದೇ. ಮಾರನೇ ದಿನ ಬದುವಿನ ಮೇಲೆ ಎರಡು ಗೊರವಂಕ ಸತ್ತು ಬಿದ್ದಿದ್ದವು. ಒಂದರ ಕೊಕ್ಕಿನಲ್ಲಿ ಹುಳ ಹಾಗೇ ಇತ್ತು. ನಾನು ದುಡ್ಡು ಸುರಿದು ಮಾಡಿಸಿದ ಕೆಲಸವನ್ನು ಅದು ಬಿಟ್ಟಿಯಾಗಿ ಮಾಡ್ತಾ ಇತ್ತು!

ಮುಂದಿನ ವರ್ಷ ಹೂ ಬರುವ ಮೊದಲೇ ಹಕ್ಕಿ ಕೂರಲು ಕವಲಿರುವ ಕಡ್ಡಿ ನೆಟ್ಟೆ. ಎಕರೆಗೆ 20 ಸಾಕು. ಪೈರಿಗಿಂತ ಒಂದೆರಡು ಅಡಿ ಎತ್ತರ ಇರಬೇಕು, ಇಲ್ಲದಿದ್ದರೆ ಹಕ್ಕಿಗೆ ಕೆಳಗಿನ ಹುಳ ಕಾಣಲ್ಲ. ನಮ್ಮಲ್ಲಿ ಮೊದಲು ಬಂದದ್ದು ಕಾಜಾಣ. ಕೂತಲ್ಲಿಂದ ಹಾರಿ ಚಿಟ್ಟೆ ಹಿಡಿದು ಮತ್ತೆ ಅದೇ ಕಡ್ಡಿಗೆ ಬರುತ್ತೆ. ಕತ್ತಲಾದ ಮೇಲೆ ಗೂಬೆ ಕೂತು ಇಲಿ ಕಾಯುತ್ತೆ. ಗೂಬೆ ಅಪಶಕುನ ಅಂತ ನಮ್ಮಮ್ಮ ಕಡ್ಡಿ ಕೀಳಿಸಲು ನೋಡಿದರು, ಅದು ಬೇರೆ ಕಥೆ.

ಹಕ್ಕಿಯಿಂದಲೇ ಹುಳ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ಹುಳ ಜಾಸ್ತಿ ಕಂಡರೆ 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಮಾಡಿಕೊಂಡು ಸಂಜೆ ಹೊತ್ತು ಹೊಡೀತೀನಿ. ರಾಗಿ ತೆನೆ ಹಾಲು ತುಂಬುವಾಗ ಆ ಹೊಲದಲ್ಲಿ ಕಡ್ಡಿ ಇಡಬೇಡಿ, ಕಾಳು ತಿನ್ನುವ ಹಕ್ಕಿಗೆ ನಾವೇ ಮಣೆ ಹಾಕಿದಂತಾಗುತ್ತೆ. ಜೇನು ಸಾಕಿದವರೂ ಯೋಚಿಸಿ, ಕಾಜಾಣ ಜೇನುಹುಳವನ್ನೂ ಬಿಡಲ್ಲ.

ಹೊಲ ಇಲ್ಲದವರೂ ಹಕ್ಕಿ ಕರೆಯಬಹುದು. ಕೆ.ಜಿ.ಎಫ್.ನಲ್ಲಿರುವ ನನ್ನ ತಂಗಿ ಮನೆ ಮುಂದೆ ಇರುವುದು ನಾಲ್ಕು ಮಾರು ಜಾಗ. ಒಂದು ದಾಸವಾಳ, ಒಂದು ಗಸಗಸೆ ಹಣ್ಣಿನ ಗಿಡ, ಬೇಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೇಲಿ ಎರಡು ಬೆರಳು ನೀರು, ಮಧ್ಯೆ ಒಂದು ಕಲ್ಲು. ನೀರು ದಿನಾ ಬದಲಿಸಬೇಕು, ಇಲ್ಲಾಂದ್ರೆ ಸೊಳ್ಳೆ. ಪಿಕಳಾರ, ಸೂರಕ್ಕಿ ಎರಡೂ ಬರ್ತವೆ.

ಹಕ್ಕಿ ಎಣಿಸುವುದು ಓದಿದವರ ಕೆಲಸ ಅಂದುಕೊಂಡಿದ್ದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದ ಎಲ್ಲಾ ಕಡೆ ಜನ ತಮ್ಮ ಹಿತ್ತಲಲ್ಲೇ ಕನಿಷ್ಠ 15 ನಿಮಿಷ ಕೂತು ಎಣಿಸ್ತಾರೆ. ನಮ್ಮ ದೇಶದಲ್ಲಿ ಇದು 2013ರಿಂದ ನಡೀತಿದೆ. ಇಂಥ ಸಾಮಾನ್ಯ ಜನ ವರ್ಷವಿಡೀ ಬರೆದಿಟ್ಟ ಲೆಕ್ಕದಿಂದಲೇ 2023ರಲ್ಲಿ ದೇಶದ ಹಕ್ಕಿಗಳ ವರದಿ ಬಂತು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗ್ತಿದೆ ಅಂತ ಅದರಲ್ಲಿದೆ. ಮಿಡತೆ ತಿನ್ನುವ ಹಕ್ಕಿ ಅದು, ನಷ್ಟ ನಮಗೇ.

ಪಕ್ಕದ ಮನೆ ಹುಡುಗ ಕ್ಯಾಟರ್‌ಬಿಲ್ಲು ಹಿಡಿದು ತಿರುಗ್ತಿದ್ದ. ಬೈದರೆ ಕೇಳಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, "ನೋಡಪ್ಪಾ, ನಂಗೆ ಕಣ್ಣು ಸರಿಯಾಗಿ ಕಾಣಲ್ಲ, ಬೆಳಿಗ್ಗೆ ಕಾಲು ಗಂಟೆ ಕಂಡ ಹಕ್ಕಿ ಬರೆದುಕೊಡು" ಅಂದೆ. ಹೆಸರು ಗೊತ್ತಿಲ್ಲದ್ದಕ್ಕೆ ಬಣ್ಣ, ಬಾಲ, ಕೂಗು ಬರೀತಾನೆ. ಈಗ ಅದರಲ್ಲಿ 34 ಹಕ್ಕಿ ಇವೆ. ನೀಲಕಂಠವನ್ನು ಮಾತ್ರ ಎರಡು ವರ್ಷದಿಂದ ಬರೆದಿಲ್ಲ.