ಶೇಡಿ ಮಣ್ಣಿಗೆ ಮೊಳೆ ಹೊಡೆಯುವ ಮುನ್ನ

ಮಗಳೇ, ಕಡಿದ ಗುಡ್ಡದ ಗೋಡೆಯನ್ನು ಮೊಳೆ ಹೊಡೆದು ನಿಲ್ಲಿಸುವ ನಿನ್ನ ಸಾಯಿಲ್ ನೇಲ್ ಡಿಸೈನ್ ನೋಡಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಕೊನೆಯ ಪುಟದಲ್ಲಿ ‘ಫ್ಯಾಕ್ಟರ್ ಆಫ್ ಸೇಫ್ಟಿ 1.5, ಸುರಕ್ಷಿತ’ ಅಂತ ಬರೆದು ಎರಡೆರಡು ಗೆರೆ ಎಳೆದಿದ್ದೀಯಲ್ಲ, ಆ ಆತುರ ಬೇಡ ಮಾರಾಯ್ತಿ.

1.5 ಅನ್ನುವುದು ಸರಾಸರಿಯ ಮಾತು. ಅದರಿಂದ 1 ಕಳೆದು, ಉಳಿದ 0.5ನ್ನು ಏರಿಳಿತದಿಂದ ಭಾಗಿಸು. ಏರಿಳಿತ ಸರಾಸರಿಯ ಶೇಕಡಾ 10 ಇದ್ದರೆ ಬೀಟಾ, ಅಂದರೆ ವಿಶ್ವಾಸಾರ್ಹತೆಯ ಸೂಚ್ಯಂಕ, 3.3 ಬರುತ್ತದೆ, ನಾರ್ಮಲ್ ಹಂಚಿಕೆ ಹಿಡಿದರೆ ಕುಸಿಯುವ ಸಾಧ್ಯತೆ ಹತ್ತು ಸಾವಿರಕ್ಕೆ ಸುಮಾರು ನಾಲ್ಕು. ಶೇಕಡಾ 25 ಇದ್ದರೆ? ನೂರಕ್ಕೆ ಒಂಬತ್ತು! ವರದಿಯಲ್ಲಿ ಮಾತ್ರ ಎರಡೂ ಗೋಡೆ 1.5. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಿವಕುಮಾರ ಬಾಬು ಮತ್ತು ಅವರ ಜೊತೆಗಾರರು ಇಂಥ ಗೋಡೆಗಳ ಮೇಲೆ ಈ ಲೆಕ್ಕವನ್ನೇ ಮಾಡಿ ಬರೆದಿದ್ದಾರೆ, ಹುಡುಕಿ ಓದು.

ಆ ಏರಿಳಿತ ಎಲ್ಲಿಂದ ಬರುತ್ತದೆ ಅಂತ ಕೇಳುತ್ತೀಯಾದರೆ, ಗುಡ್ಡಕ್ಕೆ ನಡೆ. ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲು, ಕೆಳಗೆ ಬಿಳಿಯ ಶೇಡಿ ಮಣ್ಣು. ಮಾರ್ಚಿನಲ್ಲಿ ನೆಟ್ಟಗೆ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ಆಟಿಯ ಮಳೆಯಲ್ಲಿ ಅದೇ ಮಣ್ಣನ್ನು ಹಿಸುಕಿ ನೋಡು, ಬೆರಳ ಸಂದಿಯಿಂದ ಬೆಣ್ಣೆಯ ಹಾಗೆ ಜಾರುತ್ತದೆ. ನಿನ್ನ ಸ್ಯಾಂಪಲ್ ಯಾವ ತಿಂಗಳಿನದು? ವರದಿಯಲ್ಲಿ ತಾರೀಕೇ ಇಲ್ಲ. ಮೊಳೆ ಹೊಡೆದ ಗೋಡೆ ನಿಲ್ಲುವುದೇ ಇಲ್ಲ ಅಂತಲ್ಲ. 1972ರಲ್ಲಿ ಫ್ರಾನ್ಸಿನ ವರ್ಸೈ ಬಳಿ ರೈಲು ಹಾದಿ ಅಗಲ ಮಾಡುವಾಗ 18 ಮೀಟರ್ ಎತ್ತರದ ಗೋಡೆಯನ್ನು ಹೀಗೆ ಮೊಳೆ ಹೊಡೆದು ನಿಲ್ಲಿಸಿದರು, ನಿಜ. ಆದರೆ ಅದು ಮರಳು, ಶೇಡಿಯಲ್ಲ.

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಒಂದು ಸೈಟಿನಲ್ಲಿ ಸಂಜೆ ಕೊರೆದ ತೂತಿಗೆ ಗ್ರೌಟ್ ತುಂಬಿದ್ದು ಮರುದಿನ. ರಾತ್ರಿ ಮಳೆ ಬಂದಿತ್ತು. ‘ಒಳಗೆ ಕೆಸರುಂಟು ಸಾರ್’ ಅಂದ ಡ್ರಿಲ್ಲಿಂಗ್ ಹುಡುಗ. ‘ಪರವಾಗಿಲ್ಲ, ತುಂಬು’ ಅಂದವನು ನಾನು. ಎಳೆದು ನೋಡಿದಾಗ ಡಿಸೈನ್ ಲೋಡಿನ ಅರ್ಧಕ್ಕೇ ಮೊಳೆ ಸರಿಯಿತು. ಹೊರಗೆ ಬಂದ ಗ್ರೌಟಿನ ಮೈಮೇಲೆ ಬಿಳಿ ಶೇಡಿಯ ಒಂದು ಪದರ, ಹೆಬ್ಬೆರಳಲ್ಲಿ ಒರೆಸಿದರೆ ಹೋಗುವಷ್ಟು ತೆಳು. ಯಾವ ಸಾಫ್ಟ್‌ವೇರಿಗೆ ಆ ಪದರ ಗೊತ್ತಿತ್ತು?

ಅದಕ್ಕೇ ಎಳೆದು ನೋಡುವ ಪರೀಕ್ಷೆಯಲ್ಲಿ ಜಿಪುಣತನ ಮಾಡಬೇಡ. ಪರೀಕ್ಷೆಗೆಂದೇ ಕೂರಿಸಿದ ಮೊಳೆಗಳನ್ನು ಡಿಸೈನ್ ಲೋಡಿನ ಎರಡು ಪಟ್ಟು ಎಳೆಸು. ಕೆಲಸದ ಮೊಳೆಗಳಲ್ಲಿ ನೂರಕ್ಕೆ 5ನ್ನಾದರೂ ಒಂದೂವರೆ ಪಟ್ಟು. ಲೋಡ್ ಹಿಡಿದಿಟ್ಟಾಗ ಮೊದಲನೇ ನಿಮಿಷದಿಂದ ಹತ್ತನೇ ನಿಮಿಷದೊಳಗೆ 1 ಮಿ.ಮೀ. ದಾಟಿ ಸರಿದರೆ, ಗಂಟೆಯ ತನಕ ಹಿಡಿದು ನೋಡದೆ ಪಾಸು ಮಾಡಬೇಡ. ಬಂದ ಅಂಕಿಗಳನ್ನೆಲ್ಲ, ಕೆಟ್ಟವನ್ನೂ ಸೇರಿಸಿ, ಲೆಕ್ಕಕ್ಕೆ ಹಾಕು. ಕೆಟ್ಟದ್ದನ್ನು ‘ಸರಿಯಾಗಿ ಬಂದಿಲ್ಲ’ ಅಂತ ಬಿಟ್ಟರೆ ಏರಿಳಿತ ಕಾಗದದಲ್ಲಿ ಮಾತ್ರ ಕಡಿಮೆಯಾಗುತ್ತದೆ. ನೀರು ಬಸಿಯುವ ಪೈಪುಗಳ ಬಾಯಿ ಗೋಡೆಗೆ ಚಿಮ್ಮಿಸಿದ ಶಾಟ್‌ಕ್ರೀಟಿನಲ್ಲಿ ಮುಚ್ಚಿಹೋಗಿದೆಯೋ ಅಂತಲೂ ಒಮ್ಮೆ ನೋಡು.

ಸೋಮವಾರ ಸೈಟಿಗೆ ಮೊಳೆ ಎಳೆಯುವ ಜಾಕ್ ಬರುತ್ತದಂತೆ. ಡಯಲ್ ಗೇಜನ್ನು ಬೇರೆಯವರ ಕೈಗೆ ಬಿಡಬೇಡ, ನೀನೇ ನಿಂತು ಓದು.