ಬುಲಿಮಿಯಾ ಎಂಬ ಆಹಾರವ್ಯಾಧಿ: ಒಂದು ವಿವೇಚನೆ

ಶರೀರಕ್ಕೆ ಅನ್ನವೇ ಆಧಾರವೆಂಬುದು ಸರ್ವವಿದಿತ. ಹಿತಮಿತವಾಗಿ ಉಂಡವರಿಗೆ ಅನ್ನವೇ ಔಷಧ. ಮಿತಿ ತಪ್ಪಿದಾಗ ಅದೇ ರೋಗಮೂಲ. ಆದರೆ ಮಿತಿ ತಪ್ಪುವುದಕ್ಕೆ ಜಿಹ್ವಾಚಾಪಲ್ಯವೊಂದೇ ಕಾರಣವಲ್ಲ. ಮನಸ್ಸಿನ ವ್ಯಥೆಯೂ ಕಾರಣವಾಗಬಲ್ಲುದು. ಬುಲಿಮಿಯಾ ಎಂಬ ವ್ಯಾಧಿಯೇ ಇದಕ್ಕೆ ನಿದರ್ಶನ. ಇದು ಬಹುತೇಕ ಹದಿಹರೆಯದಲ್ಲಿ ಅಥವಾ ಯೌವನಾರಂಭದಲ್ಲಿ ತಲೆದೋರುವುದರಿಂದ ಶಾಲೆ ಮತ್ತು ಪ್ರಸಾದನಿಲಯಗಳ ಹೊಣೆ ಹೊತ್ತವರು ಇದರ ಸ್ವರೂಪವನ್ನು ಅರಿತಿರುವುದು ಅವಶ್ಯಕ.

ಗ್ರೀಕ್ ಭಾಷೆಯಲ್ಲಿ ‘ಬೂಸ್’ ಎಂದರೆ ಎತ್ತು, ‘ಲೀಮೋಸ್’ ಎಂದರೆ ಹಸಿವು. ‘ಎತ್ತಿನ ಹಸಿವು’ ಎಂಬುದು ಈ ಪದದ ಮೂಲಾರ್ಥ. ಆಯುರ್ವೇದವನ್ನು ಬಲ್ಲವರಿಗೆ ‘ಭಸ್ಮಕ’ ರೋಗದ ನೆನಪಾಗುವುದು ಸಹಜ. ಆದರೆ ಇವೆರಡೂ ಒಂದಲ್ಲ. ಭಸ್ಮಕದಲ್ಲಿ ಪ್ರಜ್ವಲಿಸುವುದು ಜಠರಾಗ್ನಿ. ಬುಲಿಮಿಯಾದಲ್ಲಿ ಬೇಯುವುದು ಮನಸ್ಸು.

1979ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು 30 ರೋಗಿಗಳ ಲಕ್ಷಣಗಳನ್ನು ವಿವರಿಸಿ ಈ ವ್ಯಾಧಿಗೆ ‘ಬುಲಿಮಿಯಾ ನರ್ವೋಸಾ’ ಎಂದು ಹೆಸರಿಟ್ಟರು. ತಡೆಯಲಾಗದ ಅತಿಭೋಜನದ ಆವೇಗ, ಉಂಡುದನ್ನು ವಾಂತಿಯಿಂದಲೋ ವಿರೇಚಕದಿಂದಲೋ ಹೊರಹಾಕುವ ಯತ್ನ, ದಪ್ಪಗಾಗುವೆನೆಂಬ ತೀವ್ರ ಭಯ, ಇವು ಮೂರೂ ಅಲ್ಲಿ ಒಟ್ಟಿಗೆ ಕಂಡುಬಂದವು. ಕೆಲವರು ಕಠಿಣ ಉಪವಾಸ ಅಥವಾ ಅತಿವ್ಯಾಯಾಮದ ಮೊರೆಹೋಗುವುದೂ ಉಂಟು. ಅತಿಭೋಜನ ಮತ್ತು ಅದರ ಪರಿಹಾರಯತ್ನಗಳು ಸರಾಸರಿ ವಾರಕ್ಕೊಮ್ಮೆಯಾದರೂ ಮೂರು ತಿಂಗಳ ಕಾಲ ನಡೆದರೆ ಅದನ್ನು ಬುಲಿಮಿಯಾ ಎಂದು ಗಣಿಸಬಹುದೆಂದು ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ನಿರ್ಣಯಿಸಿತು.

ಈ ವ್ಯಾಧಿಯ ಗತಿ ಚಕ್ರದಂತಹುದು. ತೂಕದ ಚಿಂತೆಯಿಂದ ಊಟವನ್ನು ಬಿಗಿಹಿಡಿದ ದೇಹವು ಹಸಿಯುತ್ತದೆ. ನಿರ್ಬಂಧಿಸಿದಷ್ಟೂ ಮನಸ್ಸು ಅನ್ನವನ್ನೇ ಧ್ಯಾನಿಸುತ್ತದೆ. ಕೊನೆಗೊಮ್ಮೆ ಕಟ್ಟೆಯೊಡೆದು, ಏಕಾಂತದಲ್ಲಿ, ರುಚಿಯ ಪರಿವೆಯೂ ಇಲ್ಲದೆ ಅತಿಯಾಗಿ ಉಣ್ಣುವುದಾಗುತ್ತದೆ. ಒಡನೆಯೇ ಭಯ, ಲಜ್ಜೆ. ಉಂಡುದನ್ನು ಹೊರಹಾಕುವ ಆತುರ. ಆ ಲಜ್ಜೆಯಿಂದಲೇ ಇನ್ನೂ ಕಠಿಣವಾದ ನಿರ್ಬಂಧ. ಅದರಿಂದ ಮತ್ತೆ ಅತಿಭೋಜನ. ಲಜ್ಜೆಯೇ ಈ ಚಕ್ರವನ್ನು ತಿರುಗಿಸುವ ಕೈ.

ರೋಗಿಯ ತೂಕವು ಅನೇಕ ವೇಳೆ ಸಾಮಾನ್ಯವಾಗಿರುವುದರಿಂದ ನೋಡುವವರಿಗೆ ಸಂದೇಹ ಬಾರದು. ಊಟ ಮುಗಿದೊಡನೆ ಪದೇ ಪದೇ ಶೌಚಾಲಯಕ್ಕೆ ಹೋಗುವುದು, ಕೆನ್ನೆಯ ಲಾಲಾಗ್ರಂಥಿಗಳ ಬಾವು, ಬೆರಳಗೆಣ್ಣುಗಳ ಮೇಲಿನ ಕಲೆ, ಹಲ್ಲಿನ ಮೇಲ್ಪದರದ ಸವೆತ, ಇವು ಸೂಚನೆಗಳು. ದೇಹದಲ್ಲಿ ಪೊಟ್ಯಾಸಿಯಂ ಕುಗ್ಗಿದರೆ ಹೃದಯದ ಬಡಿತವೇ ಏರುಪೇರಾಗಿ ಪ್ರಾಣಾಪಾಯ ಒದಗಬಹುದು. ಬಾಲಕಿಯರಲ್ಲಿ ಇದು ಹೆಚ್ಚಾದರೂ ಬಾಲಕರು ಹೊರತಲ್ಲ.

ವಂಶಗುಣ, ಮನೋವ್ಯಥೆಗಳ ಜೊತೆಗೆ ಸಮಾಜದ ದೃಷ್ಟಿಯೂ ಇದಕ್ಕೆ ಕಾರಣವೆಂಬುದಕ್ಕೆ ಫಿಜಿ ದ್ವೀಪದ ಉದಾಹರಣೆಯಿದೆ. ಪುಷ್ಟ ಶರೀರವನ್ನೇ ಮೆಚ್ಚುತ್ತಿದ್ದ ಅಲ್ಲಿನ ನಂದ್ರೋಗಾ ಪ್ರಾಂತಕ್ಕೆ 1995ರಲ್ಲಿ ದೂರದರ್ಶನ ಬಂದಿತು. ಆಗ ಆನ್ ಬೆಕರ್ ಎಂಬ ವಿದುಷಿ ಪರೀಕ್ಷಿಸಿದ ಶಾಲಾಬಾಲಕಿಯರಲ್ಲಿ ತೂಕ ತಗ್ಗಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅಂಥವರು ನೂರಕ್ಕೆ 11ರಷ್ಟಿದ್ದರು. ತೆರೆಯ ಮೇಲಿನ ಕೃಶಕಾಯವು ಮೂರೇ ವರ್ಷಗಳಲ್ಲಿ ಹಳೆಯ ಮೌಲ್ಯವನ್ನು ಅಲುಗಿಸಿತ್ತು.

ಇದಕ್ಕೆ ಚಿಕಿತ್ಸೆಯುಂಟೆಂಬುದು ಸಮಾಧಾನದ ಸಂಗತಿ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು ರೂಪಿಸಿದ ಮಾತಿನ ಚಿಕಿತ್ಸೆ ಸುಮಾರು 20 ಭೇಟಿಗಳದ್ದು. ಅದರ ಆರಂಭಿಕ ಪಾಠಗಳಲ್ಲೊಂದು ಉಪವಾಸವಲ್ಲ, ಹೊತ್ತುಹೊತ್ತಿಗೆ ತಪ್ಪದೆ ಉಣ್ಣುವುದು. ವೈದ್ಯರು ಅಗತ್ಯವೆನಿಸಿದಲ್ಲಿ ಫ್ಲೂಆಕ್ಸೆಟಿನ್ ಎಂಬ ಔಷಧವನ್ನೂ ಕೊಡುತ್ತಾರೆ.

ಮಠದ ದಾಸೋಹದಲ್ಲಿ ಅನ್ನವು ಪ್ರಸಾದ; ಅದನ್ನು ಕೆಡಿಸಲಾಗದೆಂಬುದು ಮಕ್ಕಳು ಕಲಿಯುವ ಮೊದಲ ಪಾಠ. ಪಾಠವು ಶ್ರೇಷ್ಠವಾದುದೇ. ಆದರೆ ಈ ವ್ಯಾಧಿಗೆ ಸಿಲುಕಿದ ಮಗುವನ್ನು “ಪ್ರಸಾದವನ್ನು ಹಾಳುಮಾಡಿದೆ” ಎಂದು ಪಂಕ್ತಿಯಲ್ಲಿ ಗದರಿಸಿದರೆ, ಮೊದಲೇ ಲಜ್ಜೆಯಿಂದ ಕುಗ್ಗಿದ ಜೀವಕ್ಕೆ ಇನ್ನೊಂದು ಲಜ್ಜೆಯ ಹೊರೆ ಬಿದ್ದು ಗುಟ್ಟು ಇನ್ನೂ ಆಳಕ್ಕಿಳಿಯುತ್ತದೆ. ಅಧ್ಯಾಪಕರು ಅಂತಹ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕರೆದು, ತೂಕದ ಮಾತೆತ್ತದೆ, “ಇತ್ತೀಚೆಗೆ ಮನಸ್ಸಿಗೆ ನೆಮ್ಮದಿ ಇದೆಯೇನಪ್ಪ, ಏನಮ್ಮ?” ಎಂದು ಕೇಳುವುದು ಲೇಸು. ಬಳಿಕ ಮಗುವಿಗೆ ತಿಳಿಸಿಯೇ ತಂದೆತಾಯಿಗಳನ್ನು ಕರೆಸಿ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಹಸಿದವರಿಗೆ ಅನ್ನವಿಕ್ಕುವುದು ದಾಸೋಹ. ಅನ್ನಕ್ಕೇ ಹೆದರುವ ಮಗುವು ಪಂಕ್ತಿಯಲ್ಲಿ ನಿರ್ಭಯವಾಗಿ ಕುಳಿತು ಉಣ್ಣುವಂತೆ ಮಾಡುವುದೂ ಆ ಸೇವೆಯ ಭಾಗವೇ.